ಕ್ಲೇ ಶೂಟಿಂಗ್ ಗ್ರೌಂಡಿಗೆ ಬೀಗ ಹಾಕಿದ್ರೆ ಮುಗೀತಾ?

ಮಾನ್ಯ ಸಂಪಾದಕರೇ,

ನಮ್ಮ ಭಾಗದಲ್ಲಿದ್ದ ಕ್ಲೇ ಪಿಜನ್ ಶೂಟಿಂಗ್ ಗ್ರೌಂಡ್, ಅಂದ್ರೆ ಹಾರೋ ತಟ್ಟೆಗೆ ಶಾಟ್‌ಗನ್ನಲ್ಲಿ ಗುರಿಯಿಟ್ಟು ಹೊಡೆಯೋ ಆಟದ ಮೈದಾನ, ಮುಚ್ಚಿ ಹೋಯ್ತು ಅನ್ನೋ ಸುದ್ದೀನ ನಿಮ್ಮ ಪೇಪರಲ್ಲಿ ಓದಿದೆ. ಸಣ್ಣ ಸುದ್ದಿ, ಅದರಲ್ಲಿ ಶಬ್ದದ ದೂರು ಇತ್ತು, ಗನ್ನಿನ ಚರೆಯಿಂದ ಮಣ್ಣಿಗೆ ಬೀಳೋ ಸೀಸದ ವಿಷಯ ಇತ್ತು, ಅಕ್ಕಪಕ್ಕದವರಿಗೆ ನೆಮ್ಮದಿ ಆಯ್ತು ಅಂತ ಇತ್ತು, ಅಲ್ಲಿಗೆ ಮುಗೀತು. ಗೇಟಿಗೆ ಬೀಗ ಬಿದ್ದ ಮೇಲೆ ಆ ಜಾಗ ಏನಾಗುತ್ತೆ, ಅಲ್ಲಿ ಕಲೀತಿದ್ದ ಹುಡುಗರು ಹುಡುಗೀರು ಎಲ್ಲಿಗೆ ಹೋಗ್ತಾರೆ, ಮಣ್ಣಲ್ಲಿರೋ ಸೀಸಾನ ಯಾರು ತೆಗೀತಾರೆ, ಒಂದೂ ಇಲ್ಲ. ನಾನು ಆ ಗ್ರೌಂಡಲ್ಲಿ ಶೂಟ್ ಮಾಡ್ತಿದ್ದವನು, ಹೊಸಬರಿಗೆ ಸೇಫ್ಟಿ ಹೇಳಿಕೊಡ್ತಿದ್ದವನು, ಹಾಗಾಗಿ ಇವನಿಗೆ ಪಕ್ಷಪಾತ ಇದೆ ಅಂತ ಯಾರಾದ್ರೂ ಅಂದ್ರೆ ಅನ್ಲಿ. ಆದ್ರೆ ದೂರು ಕೊಟ್ಟವರು ಸುಳ್ಳು ಹೇಳಿದ್ರು ಅನ್ನೋಕೆ ಈ ಪತ್ರ ಬರೀತಿಲ್ಲ. ಅವರ ದೂರಲ್ಲಿ ನಿಜ ಇದೆ. ನಾನು ಹೇಳ್ತಿರೋದು ಇಷ್ಟೇ, ಅವರು ಹೇಳಿದ ಒಂದೊಂದಕ್ಕೂ ಪರಿಹಾರ ಇತ್ತು, ಬೇರೆ ಕಡೆಗಳಲ್ಲಿ ಮಾಡಿ ತೋರಿಸಿರೋ ಪರಿಹಾರ, ಅದರಲ್ಲಿ ಒಂದನ್ನೂ ಪ್ರಯತ್ನ ಮಾಡದೆ ಸೀದಾ ಬೀಗ ಜಡಿದ್ರು.

ಮೊದಲು ಒಂದು ತಪ್ಪು ತಿಳುವಳಿಕೆ ಹೋಗ್ಬೇಕು. ಈ ಗ್ರೌಂಡ್ ಬಗ್ಗೆ ಜನ ಮಾತಾಡೋದನ್ನ ಕೇಳಿದೀನಿ, ಅಲ್ಲಿ ಪಾರಿವಾಳ ಹಾರಿಸಿ ಹೊಡೀತಾರಂತೆ ಅಂತ ಎಷ್ಟೋ ಜನ ನಿಜವಾಗ್ಲೂ ನಂಬಿದಾರೆ. ಅಲ್ಲಿ ಹಾರೋದು ಒಂದು ಸಣ್ಣ ತಟ್ಟೆ. 110 ಮಿಲಿಮೀಟರ್ ಅಗಲ, 105 ಗ್ರಾಂ ಆಸುಪಾಸು ತೂಕ, ಸುಣ್ಣಕಲ್ಲಿನ ಪುಡೀನ ಡಾಂಬರಿನಂಥ ಅಂಟಲ್ಲಿ ಕಲಸಿ ಅಚ್ಚು ಹಾಕಿರ್ತಾರೆ, ಕೈಯಿಂದ ಕೆಳಗೆ ಬಿದ್ರೂ ಒಡೆಯುತ್ತೆ. ಹೆಸರಲ್ಲಿ ಮಾತ್ರ ಪಾರಿವಾಳ ಉಳ್ಕೊಂಡಿದೆ, ಯಾಕಂದ್ರೆ ಹಳೇ ಕಾಲದಲ್ಲಿ ನಿಜವಾದ ಪಾರಿವಾಳಾನೇ ಹಾರಿಸಿ ಹೊಡೀತಿದ್ರು. 1900ರ ಪ್ಯಾರಿಸ್ ಒಲಿಂಪಿಕ್ಸ್ ಟೈಮಲ್ಲೂ ಅಂಥ ಸ್ಪರ್ಧೆ ನಡೆದಿತ್ತು, ನೂರಾರು ಹಕ್ಕಿ ಸತ್ತವು, ಈಗ ಅದನ್ನ ಓದಿದ್ರೆ ನನಗೂ ಹೊಟ್ಟೆ ತೊಳಸುತ್ತೆ. ಅದಕ್ಕೂ ಮುಂಚೇನೇ ಹಕ್ಕಿ ಬದಲು ಗಾಜಿನ ಚೆಂಡು ಹಾರಿಸಿ ನೋಡಿದ್ರು, ಆಮೇಲೆ 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋವ್ಸ್ಕಿ ಅನ್ನೋರು ಈ ತಟ್ಟೆ ಆಕಾರದ ಗುರಿಗೆ ಪೇಟೆಂಟ್ ತಗೊಂಡ್ರು, ಬ್ರಿಟನ್ನಿನಲ್ಲಂತೂ ಹಿಡಿದಿಟ್ಟ ಹಕ್ಕೀನ ಬಿಟ್ಟು ಹೊಡೆಯೋದನ್ನ 1921ರಲ್ಲಿ ಕಾನೂನು ಮಾಡಿಯೇ ನಿಲ್ಲಿಸಿದ್ರು. ಅಂದ್ರೆ ಇವತ್ತು ಈ ಆಟ ಇಷ್ಟು ಬೆಳೆದಿದ್ರೆ ಅದು ಹಕ್ಕಿ ಬಿಟ್ಟು ತಟ್ಟೆ ಹಿಡಿದಿದ್ದರಿಂದ. ಪ್ರಾಣಿ ಪಕ್ಷಿ ಮೇಲಿನ ಪ್ರೀತಿಯಿಂದ ಗ್ರೌಂಡನ್ನ ವಿರೋಧಿಸಿದವರು ಇದನ್ನ ದಯವಿಟ್ಟು ಗಮನಿಸಬೇಕು.

ಆಟ ಹೆಂಗಿರುತ್ತೆ ಅಂತ ನೋಡದೇ ಇರೋರಿಗೆ ಸ್ವಲ್ಪ ಹೇಳ್ತೀನಿ. ಒಲಿಂಪಿಕ್ ಟ್ರ್ಯಾಪ್ ಅನ್ನೋ ಬಗೇಲಿ ಐದು ಜಾಗ ಇರುತ್ತೆ ನಿಂತ್ಕೊಳೋಕೆ, ಅಲ್ಲಿಂದ 15 ಮೀಟರ್ ಮುಂದೆ ನೆಲದೊಳಗೆ ಒಂದು ಕಂದಕ, ಅದರಲ್ಲಿ 15 ಮೆಷಿನ್, ಒಂದೊಂದು ಜಾಗದ ಎದುರಿಗೆ ಮೂರು ಮೂರು. ನೀವು ಗನ್ ಭುಜಕ್ಕೆ ಕೊಟ್ಟು ಕೂಗಬೇಕು, ಮೈಕ್ ಆ ಕೂಗನ್ನ ಹಿಡ್ಕೊಂಡ ತಕ್ಷಣ ಮೂರರಲ್ಲಿ ಒಂದು ಮೆಷಿನ್ ತಟ್ಟೇನ ಎಸೆಯುತ್ತೆ, ಯಾವುದು ಅಂತ ನಿಮಗೆ ಗೊತ್ತಿರಲ್ಲ, ಎಡಕ್ಕೆ ಹೋಗಬಹುದು ಬಲಕ್ಕೆ ಹೋಗಬಹುದು ಸೀದಾ ಹೋಗಬಹುದು, ನೆಲಕ್ಕೆ ಒರೆಸಿಕೊಂಡು ಹೋಗಬಹುದು, ಗಂಟೆಗೆ ನೂರು ಕಿಲೋಮೀಟರ್‌ಗೂ ಮೀರಿದ ಸ್ಪೀಡಲ್ಲಿ. ಹೊಡೀದೇ ಬಿಟ್ರೆ ಅದು 76 ಮೀಟರ್ ದೂರ ಹೋಗಿ ಬೀಳುತ್ತೆ. ಒಂದು ಸೆಕೆಂಡ್ ಆಗೋದ್ರೊಳಗೆ ಮೊದಲ ಶಾಟ್ ಹೋಗಿರಬೇಕು. ಆ ಒಂದು ಸೆಕೆಂಡಲ್ಲಿ ಯೋಚನೆ ಮಾಡ್ಕೊಂಡು ಕೂತ್ರೆ ತಟ್ಟೆ ಹೋಯ್ತು ಅಂತಾನೇ ಲೆಕ್ಕ, ಕಣ್ಣು ತಟ್ಟೇನ ಬಿಡಬಾರದು, ಗನ್ ಕಡೆ ನೋಡಬಾರದು, ಗನ್ ತಾನಾಗೇ ಕಣ್ಣಿನ ಹಿಂದೆ ಬರಬೇಕು. ಸ್ಕೀಟ್ ಅನ್ನೋ ಇನ್ನೊಂದು ಬಗೆ ಬೇರೆ ಥರ. ಅಲ್ಲಿ ಮೆಷಿನ್ ಇಟ್ಟಿರೋ ಎತ್ತರದ ಒಂದು ಗೂಡು ತಗ್ಗಿನ ಒಂದು ಗೂಡು, ಎರಡೂ ಕಡೆಯಿಂದ ತಟ್ಟೆ ಎದುರುಬದುರು ಹಾರುತ್ತೆ, ಶೂಟರ್ ಎಂಟು ಜಾಗದಿಂದ ಹೊಡೀತಾ ಬರಬೇಕು, ತಟ್ಟೆ ಕಾಣೋ ತನಕ ಗನ್ ಸೊಂಟದ ಹತ್ರಾನೇ ಇರಬೇಕು, ಕೂಗಿದ ಮೇಲೆ ಮೂರು ಸೆಕೆಂಡ್ ತನಕ ಯಾವಾಗ ಬೇಕಾದ್ರೂ ಬರಬಹುದು. 25 ತಟ್ಟೆಗೆ ಒಂದು ರೌಂಡ್. 25ಕ್ಕೆ 25 ಒಡೆದ ದಿನ ಮನುಷ್ಯನ ಮುಖ ಹೆಂಗಿರುತ್ತೆ ಅಂತ ನೋಡಿದವರಿಗೇ ಗೊತ್ತು, ಎಷ್ಟೋ ಜನ ವರ್ಷಗಟ್ಟಲೆ 24ಕ್ಕೇ ನಿಂತಿರ್ತಾರೆ, ಆ ಒಂದು ತಟ್ಟೆಗಾಗಿ ಮತ್ತೆ ಮತ್ತೆ ಬರ್ತಾರೆ.

ಅಪಾಯ ಅನ್ನೋ ಮಾತೂ ಬಂತು. ಗನ್ ಅಂದಕೂಡಲೇ ಎಲ್ಲಾನೂ ಒಂದೇ ಅನ್ಕೋಬಾರದು. ರೈಫಲ್ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತೆ, ಅದರ ರೇಂಜಿಗೆ ಹಿಂದೆ ದೊಡ್ಡ ದಿಬ್ಬ ಬೇಕೇ ಬೇಕು. ಕ್ಲೇ ಶೂಟಿಂಗಲ್ಲಿ ಬಳಸೋ ಕಾರ್ಟ್ರಿಡ್ಜಲ್ಲಿ ಇರೋದು 24 ಗ್ರಾಂ ಸಣ್ಣ ಸೀಸದ ಚರೆ, ಹೆಚ್ಚು ಕಮ್ಮಿ 300 ಕಾಳು, ಒಂದೊಂದೂ ಎರಡೂವರೆ ಮಿಲಿಮೀಟರ್ ಒಳಗೆ. ಇಷ್ಟು ಹಗುರ ಇರೋದ್ರಿಂದ ಗಾಳೀಲೇ ವೇಗ ಕಳ್ಕೊಂಡು ಸುಮಾರು 200 ಮೀಟರ್ ಆಗೋಷ್ಟರಲ್ಲಿ ನೆಲಕ್ಕೆ ಬೀಳುತ್ತೆ, ಹುಷಾರಿಗೆ ಅಂತ 275 ಮೀಟರ್ ತನಕ ಯಾರೂ ಹೋಗದ ಹಾಗೆ ಖಾಲಿ ಜಾಗ ಬಿಡೋದು ರೂಢಿ. ಅದೇ ಕಾರಣಕ್ಕೆ ಈ ಆಟಕ್ಕೆ ಅಷ್ಟೊಂದು ಜಾಗ ಬೇಕಾಗೋದು, ಆ ಖಾಲಿ ಜಾಗ ಸುಮ್ನೆ ಬಿದ್ದಿರೋ ಜಾಗ ಅಲ್ಲ. ಇನ್ನು ಒಳಗಿನ ಶಿಸ್ತು. ಫೈರಿಂಗ್ ಲೈನ್ ಬಿಟ್ಟು ಬೇರೆ ಎಲ್ಲಿ ಓಡಾಡಿದ್ರೂ ಗನ್ ಮಧ್ಯಕ್ಕೆ ಬಗ್ಗಿಸಿ ಓಪನ್ ಆಗಿಯೇ ಇರಬೇಕು, ಒಳಗೆ ಕಾರ್ಟ್ರಿಡ್ಜ್ ಇಲ್ಲ ಅಂತ ದೂರದಿಂದಲೇ ಯಾರಿಗಾದ್ರೂ ಕಾಣಬೇಕು. ನಿಮ್ಮ ಸರದಿ ಬರೋ ತನಕ ಲೋಡ್ ಮಾಡೋ ಹಾಗಿಲ್ಲ. ಕಿವಿಗೆ ಕಣ್ಣಿಗೆ ರಕ್ಷಣೆ ಇಲ್ಲದೆ ಲೈನಿಗೆ ಕಾಲಿಡೋ ಹಾಗಿಲ್ಲ. ಎಷ್ಟೇ ದೊಡ್ಡ ಮನುಷ್ಯ ಬಂದ್ರೂ ಗನ್ ಬಾಯಿ ಅತ್ತಿತ್ತ ತಿರುಗಿಸಿದ್ರೆ ಅವತ್ತಿಗೆ ಅವರ ಶೂಟಿಂಗ್ ಮುಗೀತು, ಕೋಚ್ ಆಗಿರಲಿ ಸ್ಕೋರ್ ಬರೆಯೋ ಹುಡುಗ ಆಗಿರಲಿ ಯಾರು ಬೇಕಾದ್ರೂ ನಿಲ್ಲಿಸಿ ಅಂತ ಕೂಗಬಹುದು, ಎಲ್ಲರೂ ನಿಲ್ಲಿಸ್ತಾರೆ. ಗನ್ ಇಟ್ಕೊಂಡಿರೋ ಜನ ಸಮಾಜದಲ್ಲಿ ಇದ್ದೇ ಇರ್ತಾರೆ, ಬೆಳೆ ಕಾಯೋಕೆ ಇಟ್ಕೊಂಡವರು, ಮನೆತನದಿಂದ ಬಂದಿರೋದನ್ನ ಇಟ್ಕೊಂಡವರು. ಅವರು ಅದನ್ನ ಸರಿಯಾಗಿ ಹಿಡಿಯೋದು ಕಲಿಯೋಕೆ ಕಾನೂನಿನ ಕಣ್ಣೆದುರಿಗೇ ಇರೋ ಒಂದು ಜಾಗ ಇದ್ರೆ ಒಳ್ಳೇದೋ, ಇಲ್ಲದೇ ಇದ್ರೆ ಒಳ್ಳೇದೋ? ಗ್ರೌಂಡ್ ಮುಚ್ಚಿದ್ರಿಂದ ಒಂದು ಗನ್ನೂ ಕಮ್ಮಿ ಆಗಿಲ್ಲ, ಕಲಿಸೋ ಜಾಗ ಮಾತ್ರ ಹೋಯ್ತು.

ಈಗ ಶಬ್ದಕ್ಕೆ ಬರೋಣ, ಜಗಳ ಶುರುವಾಗಿದ್ದೇ ಅಲ್ಲಿಂದ. ಶಾಟ್‌ಗನ್ ಬಾಯಿ ಹತ್ರ ಶಬ್ದ 150 ಡೆಸಿಬಲ್ ಆಸುಪಾಸು ಇರುತ್ತೆ, ಅದೇನು ಸಣ್ಣ ಶಬ್ದ ಅಲ್ಲ. ಭಾನುವಾರ ಬೆಳಗ್ಗೆ ಮಗು ಮಲಗಿರೋ ಮನೆಗೆ ಅದು ಸಣ್ಣದಾಗಿ ಕೇಳಿಸಿದ್ರೂ ಹಿಂಸೇನೇ, ಅದೂ ಒಂದೇ ಸಮ ಕೇಳಿಸೋ ಶಬ್ದ ಅಲ್ಲ, ಯಾವಾಗ ಬರುತ್ತೆ ಅಂತ ಗೊತ್ತಾಗದ ಶಬ್ದ, ಕಿವಿ ಕಾಯ್ತಾ ಇರುತ್ತೆ. ಈ ಕಷ್ಟಾನ ನಮ್ಮ ಕ್ಲಬ್ಬಿನ ಕೆಲವು ಹಿರಿಯರು ತುಂಬಾ ಹಗುರವಾಗಿ ತಗೊಂಡ್ರು, ಗ್ರೌಂಡ್ ಮೊದಲಿಂದ ಇತ್ತು ನೀವು ಆಮೇಲೆ ಬಂದ್ರಿ ಅಂತ ಹೇಳಿ ಕಳಿಸಿದ್ರು, ಅದು ನನಗೆ ಅವತ್ತೂ ಸರಿ ಕಾಣಲಿಲ್ಲ. ಮೊದಲಿಂದ ಇತ್ತು ಅನ್ನೋದು ನಿಜ, ಆದ್ರೆ ನೆರೆಯವರ ಹತ್ರ ಮಾತಾಡೋ ರೀತಿ ಅದಲ್ಲ. ಮಾಡಬಹುದಾದ್ದು ಬೇಕಾದಷ್ಟಿತ್ತು. ಶಾಟ್‌ಗನ್ ಶಬ್ದ ಎಲ್ಲಾ ಕಡೆಗೂ ಒಂದೇ ಥರ ಹರಡಲ್ಲ, ಗನ್ ಮುಖ ಮಾಡಿರೋ ಕಡೆ ಜೋರು, ಶೂಟರ್ ಬೆನ್ನ ಹಿಂದೆ ಕಮ್ಮಿ, ಹಾಗಾಗಿ ಲೈನನ್ನ ಸ್ವಲ್ಪ ತಿರುಗಿಸಿದ್ರೂ ವ್ಯತ್ಯಾಸ ಗೊತ್ತಾಗುತ್ತೆ. ಮಣ್ಣಿನ ದಿಬ್ಬ ಹಾಕಬಹುದು, ಶೂಟರ್ ನಿಲ್ಲೋ ಜಾಗಕ್ಕೆ ಮೂರು ಕಡೆ ಶಬ್ದ ಹೀರೋ ಗೋಡೆ ಕಟ್ಟಬಹುದು, ದಿಬ್ಬ ಶಬ್ದದ ಮೂಲಕ್ಕೆ ಎಷ್ಟು ಹತ್ರ ಇರುತ್ತೋ ಅಷ್ಟು ಚೆನ್ನಾಗಿ ತಡೆಯುತ್ತೆ. ಮಾಮೂಲಿ ಚರೆ ಶಬ್ದಕ್ಕಿಂತ ವೇಗವಾಗಿ ಹೊರಡುತ್ತೆ, ಅದಕ್ಕೇ ಆ ಚಟ್ ಅನ್ನೋ ಸದ್ದು ಜಾಸ್ತಿ, ಶಬ್ದಕ್ಕಿಂತ ನಿಧಾನ ಹೋಗೋ ಸಬ್‌ಸಾನಿಕ್ ಕಾರ್ಟ್ರಿಡ್ಜ್ ಸಿಗುತ್ತೆ, ಸ್ಪರ್ಧೆಗಲ್ಲದಿದ್ರೂ ಹೊಸಬರ ಪ್ರಾಕ್ಟೀಸಿಗೆ ಧಾರಾಳವಾಗಿ ಸಾಕು, ಭುಜಕ್ಕೆ ಬೀಳೋ ಪೆಟ್ಟೂ ಕಮ್ಮಿ. ಎಲ್ಲಕ್ಕಿಂತ ಸುಲಭದ್ದು ಟೈಮು. ವಾರದಲ್ಲಿ ಇಂಥ ದಿನ ಇಂಥ ಗಂಟೆಯಿಂದ ಇಂಥ ಗಂಟೆ ತನಕ ಮಾತ್ರ, ಪರೀಕ್ಷೆ ಸಮಯದಲ್ಲಿ ಇಲ್ಲ, ಬೆಳಗಿನ ಜಾವ ಇಲ್ಲ ಅಂತ ಬೋರ್ಡ್ ಹಾಕಿ ಅದಕ್ಕೆ ನಿಯತ್ತಾಗಿ ನಡ್ಕೊಂಡಿದ್ರೆ ಅರ್ಧ ಜನ ಸಮಾಧಾನ ಆಗ್ತಿದ್ರು ಅಂತ ನನ್ನ ನಂಬಿಕೆ. ಗನ್ ಸದ್ದಿಗಿಂತ ತಮ್ಮ ಮಾತಿಗೆ ಬೆಲೆ ಇಲ್ಲ ಅನ್ನೋದೇ ಅವರಿಗೆ ಹೆಚ್ಚು ನೋವು ಕೊಟ್ಟಿತ್ತು.

ನೆರೆಯವರ ಮಾತು ಕೇಳಿ ಆಟಾನೇ ಬದಲಾಯಿಸಿದ ಉದಾಹರಣೆ ಈ ಕ್ರೀಡೆಯ ಚರಿತ್ರೇಲೇ ಇದೆ. ಸ್ಕೀಟ್ ಹುಟ್ಟಿದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಂಡೋವರ್ ಅನ್ನೋ ಊರಲ್ಲಿ, ಚಾರ್ಲ್ಸ್ ಡೇವಿಸ್ ಅನ್ನೋರು ಶುರು ಮಾಡಿದ್ದು. ಮೊದಲು ಅದು ಪೂರ್ತಿ ವೃತ್ತಾಕಾರದಲ್ಲಿತ್ತು, ಗಡಿಯಾರದ ಮುಖದ ಹಾಗೆ ಗುರುತು ಹಾಕ್ಕೊಂಡು ಸುತ್ತಲೂ ನಿಂತು ಹೊಡೀತಿದ್ರು. ಪಕ್ಕದಲ್ಲಿ ಒಂದು ಕೋಳಿ ಫಾರ್ಮ್ ಶುರುವಾಯ್ತು. ಆ ಕಡೆಗೆ ಚರೆ ಹೋಗೋ ಹಾಗಿಲ್ಲ. ಇವರು ಫಾರ್ಮಿನವರ ಜೊತೆ ಜಗಳಕ್ಕೆ ಹೋಗಲಿಲ್ಲ, ಗ್ರೌಂಡೂ ಮುಚ್ಚಲಿಲ್ಲ, 1923ರ ಹೊತ್ತಿಗೆ ವಿಲಿಯಂ ಫಾಸ್ಟರ್ ಅನ್ನೋರು ವೃತ್ತಾನ ಅರ್ಧಕ್ಕೆ ಕತ್ತರಿಸಿ ಎದುರುಗಡೆ ಇನ್ನೊಂದು ಮೆಷಿನ್ ಇಟ್ರು, ಹೊಡೆಯೋದೆಲ್ಲಾ ಒಂದೇ ಕಡೆಗೆ ಆಯ್ತು, ತಟ್ಟೆ ಮಾತ್ರ ಎರಡೂ ದಿಕ್ಕಿನಿಂದ ಬರೋಕೆ ಶುರುವಾಯ್ತು. ಇವತ್ತು ಒಲಿಂಪಿಕ್ಸಲ್ಲಿ ನಾವು ನೋಡೋ ಸ್ಕೀಟ್ ಆ ಅರ್ಧ ವೃತ್ತವೇ. ಸುಮಾರು ನೂರು ವರ್ಷದ ಹಿಂದೆ ಕೋಳಿಗಳಿಗೋಸ್ಕರ ಅಷ್ಟು ಬುದ್ಧಿ ಓಡಿಸಿದ್ರು, ಇವತ್ತು ಮನುಷ್ಯರು ಮನುಷ್ಯರ ಜೊತೆ ಕೂತು ಮಾತಾಡಿ ಒಂದು ದಾರಿ ಹುಡುಕೋಕಾಗಲಿಲ್ಲ ಅಂದ್ರೆ ಬೇಜಾರಾಗುತ್ತೆ.

ಸೀಸದ ವಿಷಯ ಮಾತ್ರ ನಿಜವಾಗ್ಲೂ ಗಂಭೀರ, ಇದರಲ್ಲಿ ಶೂಟರ್‌ಗಳು ನಾವು ಸುಮ್ನೆ ವಾದ ಮಾಡಬಾರದು. ಲೆಕ್ಕ ಹಾಕಿ, ಒಂದು ಶಾಟಿಗೆ 24 ಗ್ರಾಂ ಅಂದ್ರೆ 25 ತಟ್ಟೆಯ ಒಂದು ರೌಂಡಿಗೆ ಒಬ್ಬ ಶೂಟರ್ ಕಮ್ಮಿ ಅಂದ್ರೂ 600 ಗ್ರಾಂ ಸೀಸ ಮಣ್ಣಿಗೆ ಹಾಕ್ತಾನೆ, ಟ್ರ್ಯಾಪಲ್ಲಿ ಎರಡನೇ ಶಾಟೂ ಹೊಡೆಯೋದ್ರಿಂದ ಇನ್ನೂ ಜಾಸ್ತಿ. ವರ್ಷಾನುಗಟ್ಟಲೆ ಆದ್ರೆ ಅದು ಟನ್ ಲೆಕ್ಕ. ಸೀಸ ಮಕ್ಕಳ ಮಿದುಳಿಗೆ ಎಷ್ಟು ಕೆಟ್ಟದ್ದು ಅಂತ ಯಾರಿಗೂ ಹೇಳಬೇಕಾಗಿಲ್ಲ, ಹಕ್ಕಿಗಳೂ ಅದನ್ನ ಕಾಳು ಕಲ್ಲು ಅಂತ ನುಂಗಿ ಸಾಯ್ತವೆ. ಮಣ್ಣು ಹುಳಿ ಇದ್ರೆ ಸೀಸ ಕರಗಿ ನೀರಿಗೆ ಸೇರೋದು ಜಾಸ್ತಿ. ತಟ್ಟೆ ಚೂರುಗಳದ್ದೂ ತೊಂದರೆ ಇದೆ, ಅಂಟಿಗೆ ಹಾಕೋ ಡಾಂಬರು ಮಣ್ಣಿಗೆ ಒಳ್ಳೇದಲ್ಲ. ಇದೆಲ್ಲಾ ನಿಜ. ಆದ್ರೆ ಇದಕ್ಕೆ ಕೆಲಸ ಮಾಡಿರೋರು ಇದಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೇನೇ ಹೊರಾಂಗಣ ಶೂಟಿಂಗ್ ರೇಂಜಲ್ಲಿ ಸೀಸಾನ ಹೆಂಗೆ ನಿಭಾಯಿಸಬೇಕು ಅಂತ ಕೈಪಿಡಿ ಮಾಡಿದೆ, ಅದರಲ್ಲಿ ಗ್ರೌಂಡ್ ಮುಚ್ಚಿ ಅಂತ ಇಲ್ಲ, ಮಣ್ಣಿನ ಹುಳಿ ಎಷ್ಟು ಅಂತ ತೋರಿಸೋ ಪಿಎಚ್ 6.5ರಿಂದ 8.5ರ ಮಧ್ಯ ಇರೋ ಹಾಗೆ ಸುಣ್ಣ ಹಾಕಿ, ಹುಲ್ಲು ಬೆಳೆಸಿ ಮಣ್ಣು ಕೊಚ್ಚಿ ಹೋಗದ ಹಾಗೆ ನೋಡ್ಕೊಳಿ, ಮಳೆ ನೀರು ಹೊರಗೆ ಹರೀದೇ ಇರೋ ಹಾಗೆ ತಡೆ ಮಾಡಿ, ಕಾಲಕಾಲಕ್ಕೆ ಸೀಸ ತೆಗೆದು ರೀಸೈಕಲ್ ಮಾಡಿ ಅಂತ ಇದೆ. ಚರೆ ಹೆಚ್ಚಾಗಿ ಮೇಲ್ಮಣ್ಣಲ್ಲೇ ಇರುತ್ತೆ, ಜರಡಿ ಹಿಡಿದು ಬೇರೆ ಮಾಡೋ ಮೆಷಿನ್‌ಗಳಿವೆ, ತೆಗೆದ ಸೀಸಕ್ಕೆ ಮಾರ್ಕೆಟ್ಟಲ್ಲಿ ಬೆಲೆ ಇರೋದ್ರಿಂದ ಖರ್ಚಿನ ಸ್ವಲ್ಪ ಭಾಗ ಅಲ್ಲೇ ವಾಪಸ್ ಬರುತ್ತೆ.

ಸೀಸಾನೇ ಬೇಡ ಅನ್ನೋದಾದ್ರೆ ಸ್ಟೀಲ್ ಚರೆ ಇದೆ. ಡೆನ್ಮಾರ್ಕ್ 1996ರಲ್ಲೇ ಸೀಸದ ಚರೆ ನಿಲ್ಲಿಸಿತು, ಅಲ್ಲಿ ಶೂಟಿಂಗ್ ಏನೂ ಸತ್ತು ಹೋಗಿಲ್ಲ. ಯುರೋಪಿಯನ್ ಯೂನಿಯನ್ 2023ರ ಫೆಬ್ರವರಿಯಿಂದ ಜೌಗು ಪ್ರದೇಶಗಳಲ್ಲಿ ಸೀಸದ ಚರೆ ಬಳಸೋದನ್ನ ನಿಷೇಧಿಸಿದೆ. ಸ್ಟೀಲಿಗೆ ತನ್ನದೇ ಕಷ್ಟ ಇದೆ, ಅದೂ ಹೇಳ್ಬೇಕು, ಸೀಸಕ್ಕಿಂತ ಹಗುರ ಆಗಿರೋದ್ರಿಂದ ದೂರಕ್ಕೆ ಹೋದ ಹಾಗೆ ಬೇಗ ಶಕ್ತಿ ಕಳ್ಕೊಳುತ್ತೆ, ಗಟ್ಟಿ ಆಗಿರೋದ್ರಿಂದ ಕೆಲವು ಹಳೇ ಗನ್ ನಳಿಕೆಗೆ ಆಗಿಬರಲ್ಲ, ಕಲ್ಲಿಗೆ ಕಬ್ಬಿಣಕ್ಕೆ ತಾಗಿದ್ರೆ ಪುಟಿಯುತ್ತೆ. ಅಂತರರಾಷ್ಟ್ರೀಯ ಸ್ಪರ್ಧೆಗೆ ತಯಾರಾಗೋರು ಇನ್ನೂ ಸೀಸದಲ್ಲೇ ಪ್ರಾಕ್ಟೀಸ್ ಮಾಡಬೇಕು ಅಂತಾರೆ. ಸರಿ, ಹಾಗಾದ್ರೆ ಮಾಮೂಲಿ ಪ್ರಾಕ್ಟೀಸ್ ಎಲ್ಲಾ ಸ್ಟೀಲಲ್ಲಿ, ಸ್ಪರ್ಧೆಗೆ ಹೋಗೋರಿಗೆ ಮಾತ್ರ ಒಂದು ಲೈನ್ ಸೀಸಕ್ಕೆ, ಆ ಲೈನಿನ ಮಣ್ಣನ್ನ ಪ್ರತಿ ಸೀಸನ್ ಆದ್ಮೇಲೆ ಶುದ್ಧ ಮಾಡೋದು ಅಂತ ಮಾಡಬಹುದಿತ್ತು. ಡಾಂಬರಿಲ್ಲದ, ಮಣ್ಣಲ್ಲಿ ಕರಗಿ ಹೋಗೋ ತಟ್ಟೆಗಳೂ ಬಂದಿವೆ. ಯಾವುದೂ ಅಸಾಧ್ಯದ ಕೆಲಸ ಅಲ್ಲ.

ಈಗ ಏನಾಗಿದೆ ನೋಡಿ. ಬೀಗ ಹಾಕಿದ್ರು, ಸೀಸ ಎಲ್ಲಿತ್ತೋ ಅಲ್ಲೇ ಇದೆ. ಗ್ರೌಂಡ್ ನಡೀತಿದ್ದಾಗ ಹುಲ್ಲು ನೋಡ್ಕೊಳೋಕೆ, ಚರಂಡಿ ನೋಡ್ಕೊಳೋಕೆ, ಬೇಲಿ ನೋಡ್ಕೊಳೋಕೆ ಜನ ಇದ್ರು. ಈಗ ಯಾರಿದಾರೆ? ನಾಳೆ ಬೇಲಿ ಬಿದ್ರೆ ದನ ಒಳಗೆ ಮೇಯುತ್ತೆ, ಮಕ್ಕಳು ಆಟಕ್ಕೆ ಹೋಗ್ತಾರೆ, ಕ್ರಮೇಣ ಅಲ್ಲಿ ಏನಿತ್ತು ಅಂತಾನೇ ಜನಕ್ಕೆ ಮರೆತು ಹೋಗುತ್ತೆ, ಯಾರೋ ಅದೇ ಮಣ್ಣನ್ನ ಲೋಡ್ ಮಾಡಿ ಇನ್ನೆಲ್ಲೋ ತುಂಬಿಸ್ತಾರೆ. ಪರಿಸರದ ಹೆಸರಲ್ಲಿ ಮುಚ್ಚಿದವರು ಮೊದಲು ಕೇಳಬೇಕಾಗಿದ್ದು ಮಣ್ಣಿನ ಟೆಸ್ಟ್ ರಿಪೋರ್ಟ್. ಮುಚ್ಚೋ ಆದೇಶದಲ್ಲಿ ಸೀಸ ಅನ್ನೋ ಪದ ಇದೆ, ಸೀಸ ತೆಗೆಯೋ ಬಗ್ಗೆ ಒಂದು ಸಾಲಿಲ್ಲ. ಇದು ನನಗೆ ಎಲ್ಲಕ್ಕಿಂತ ಸಂಕಟ ಕೊಟ್ಟ ವಿಷಯ. ದೂರು ಕೊಟ್ಟ ನೆರೆಯವರೂ ಇದನ್ನ ಕೇಳಬೇಕು, ಇದರಲ್ಲಿ ಅವರೂ ನಾವೂ ಒಂದೇ ಕಡೆ ಇದೀವಿ.

ಯಾರು ಮೊದಲು ಬಂದ್ರು ಅನ್ನೋದಕ್ಕೂ ಒಂದು ನ್ಯಾಯವಾದ ದಾರಿ ಇದೆ. ಇಂಗ್ಲೆಂಡಿನ ಪ್ಲಾನಿಂಗ್ ನೀತಿಗೆ 2018ರಲ್ಲಿ ಒಂದು ತತ್ವ ಸೇರಿಸಿದ್ರು, ಮೊದಲಿಂದ ಶಬ್ದ ಮಾಡ್ಕೊಂಡು ನಡೀತಿರೋ ಜಾಗದ ಪಕ್ಕ ಹೊಸದಾಗಿ ಮನೆ ಕಟ್ಟೋದಾದ್ರೆ, ಆ ಶಬ್ದ ತಟ್ಟದ ಹಾಗೆ ವ್ಯವಸ್ಥೆ ಮಾಡೋ ಜವಾಬ್ದಾರಿ ಹೊಸದಾಗಿ ಕಟ್ಟಿಸೋ ಡೆವಲಪರ್ ಮೇಲೆ. ಅಂದ್ರೆ ಮನೆ ಕೊಂಡ ಬಡಪಾಯಿ ಮೇಲಲ್ಲ, ಹಳೇ ಗ್ರೌಂಡಿನ ಮೇಲೂ ಅಲ್ಲ, ಲಾಭ ಮಾಡಿ ಹೋದವರ ಮೇಲೆ. ನನಗೆ ಇದು ತುಂಬಾ ಸರಿ ಅನ್ಸುತ್ತೆ. ಸೈಟ್ ಮಾರೋವಾಗ ಪಕ್ಕದಲ್ಲಿ ಶೂಟಿಂಗ್ ಗ್ರೌಂಡ್ ಇದೆ ಅಂತ ಬಾಯಿಬಿಟ್ಟು ಹೇಳದೆ ಮಾರಿದವರು ಇವತ್ತು ಈ ಜಗಳದಲ್ಲಿ ಎಲ್ಲೂ ಕಾಣ್ತಿಲ್ಲ, ಬಡಿದಾಡಿದ್ದು ಮನೆಯವರೂ ಶೂಟರ್‌ಗಳೂ.

ಬೇರೆ ಕಡೆ ಜಾಗ ನೋಡ್ಕೊಳಿ ಅಂತ ಸುಲಭವಾಗಿ ಹೇಳ್ತಾರೆ. ಏರ್ ಪಿಸ್ತೂಲ್, ಏರ್ ರೈಫಲ್ ಆದ್ರೆ ಆ ಮಾತು ನಡೆಯುತ್ತೆ, 10 ಮೀಟರ್ ಸಾಕು, ಒಂದು ಹಾಲ್ ಬಾಡಿಗೆಗೆ ತಗೊಂಡು ಶುರು ಮಾಡಬಹುದು. ಕ್ಲೇಗೆ ಅದು ಆಗಲ್ಲ. ಇದಕ್ಕೆ ಎದುರುಗಡೆ 275 ಮೀಟರ್ ಖಾಲಿ ಬೇಕು, ಸೂರ್ಯ ಶೂಟರ್ ಕಣ್ಣಿಗೆ ಹೊಡೀದೇ ಇರೋ ಹಾಗೆ ದಿಕ್ಕು ಸಿಗಬೇಕು, ಭೂಮಿಯ ಉತ್ತರಾರ್ಧದಲ್ಲಿ ಅಂದ್ರೆ ಮುಖ ಉತ್ತರಕ್ಕೋ ಈಶಾನ್ಯಕ್ಕೋ ಇರಬೇಕು, ತಟ್ಟೆ ಕಾಣೋಕೆ ಹಿಂದೆ ತೆರೆದ ಆಕಾಶ ಇರಬೇಕು, ಕೆರೆ ಹೊಳೆ ಮೇಲೆ ಚರೆ ಬೀಳಬಾರದು. ಇದೆಲ್ಲಾ ಕೂಡಿ ಬರೋ ಜಾಗ, ಅದಕ್ಕೆ ಪರ್ಮಿಷನ್, ಅದಕ್ಕೆ ಕಂದಕ ತೋಡಿ ಕಾಂಕ್ರೀಟ್ ಹಾಕಿ 15 ಮೆಷಿನ್ ಕೂರಿಸೋ ದುಡ್ಡು, ಮತ್ತೆ ಕೂಡಿಸೋಕೆ ಆಗುತ್ತೆ ಅಂತ ನನಗೆ ನಂಬಿಕೆ ಇಲ್ಲ. ಒಂದು ಸಲ ಹೋದ ಕ್ಲೇ ಗ್ರೌಂಡ್ ವಾಪಸ್ ಬರೋದು ಬಹಳ ಕಷ್ಟ, ಆ ಖಾಲಿ ಜಾಗದ ಮೇಲೆ ಕಟ್ಟಡ ಬಂತು ಅಂದ್ರೆ ಅಲ್ಲಿಗೆ ಕತೆ ಮುಗೀತು. ಮನೇಲಿ ಗೋಡೆ ಮುಂದೆ ನಿಂತು ಗನ್ ಭುಜಕ್ಕೆ ಏರಿಸೋದನ್ನ ಮಾತ್ರ ಅಭ್ಯಾಸ ಮಾಡಬಹುದು, ಹಾರೋ ತಟ್ಟೇನ ಎಲ್ಲಿಂದ ತರೋದು?

ಶ್ರೀಮಂತರ ಆಟ ಅದು, ಹೋದ್ರೆ ಹೋಗ್ಲಿ ಬಿಡಿ ಅನ್ನೋ ಮಾತನ್ನೂ ಕೇಳಿದೆ. ಕಾರ್ಟ್ರಿಡ್ಜ್ ದುಬಾರಿ, ಗನ್ ದುಬಾರಿ, ಸುಳ್ಳಲ್ಲ. ಆದ್ರೆ ಯೋಚನೆ ಮಾಡಿ, ಸ್ವಂತ ಜಮೀನು ಇರೋ ಶ್ರೀಮಂತನಿಗೆ ಗ್ರೌಂಡ್ ಮುಚ್ಚಿದ್ರೆ ಏನೂ ನಷ್ಟ ಇಲ್ಲ, ಅವನು ಎಲ್ಲಿಗೆ ಬೇಕಾದ್ರೂ ಹೋಗಿ ಪ್ರಾಕ್ಟೀಸ್ ಮಾಡ್ತಾನೆ. ಕ್ಲಬ್ಬಿನ ಗನ್ ತಗೊಂಡು, ಸ್ಕೋರ್ ಬರೆದು, ತಟ್ಟೆ ಬಾಕ್ಸ್ ಹೊತ್ತು ಅದರ ಬದಲಿಗೆ ಒಂದು ರೌಂಡ್ ಹೊಡೀತಿದ್ದ ಹುಡುಗನಿಗೆ ಇದ್ದಿದ್ದೇ ಆ ಜಾಗ. ಗ್ರೌಂಡ್ ಮುಚ್ಚಿದಾಗಲೇ ಇದು ನಿಜವಾಗ್ಲೂ ಶ್ರೀಮಂತರ ಆಟ ಆಗೋದು.

ಈ ಆಟ ಎಂಥೆಂಥವರಿಗೆ ದಾರಿ ಮಾಡಿಕೊಟ್ಟಿದೆ ಅಂತ ನೋಡಿದ್ರೆ ನನಗೆ ಈಗಲೂ ರೋಮಾಂಚನ ಆಗುತ್ತೆ. ಸ್ಯಾನ್ ಮರಿನೋ ಅಂತ ಇಟಲಿ ಮಧ್ಯೆ ಇರೋ ಪುಟ್ಟ ದೇಶ, ಮೂವತ್ತು ಚಿಲ್ಲರೆ ಸಾವಿರ ಜನ, ಅದಕ್ಕೆ ಇತಿಹಾಸದಲ್ಲೇ ಮೊದಲ ಒಲಿಂಪಿಕ್ ಪದಕ ಬಂದಿದ್ದು ಟೋಕಿಯೋದಲ್ಲಿ, ಅಲೆಸ್ಸಾಂಡ್ರಾ ಪೆರಿಲ್ಲಿ ಟ್ರ್ಯಾಪಲ್ಲಿ ಗೆದ್ದ ಕಂಚು. ಗ್ವಾಟೆಮಾಲಾಗೆ ಮೊದಲ ಚಿನ್ನ 2024ರ ಪ್ಯಾರಿಸಲ್ಲಿ ಬಂತು, ಅದೂ ಟ್ರ್ಯಾಪಲ್ಲೇ, ಆಡ್ರಿಯಾನಾ ರುವಾನೋ ಮೊದಲು ಜಿಮ್ನಾಸ್ಟ್ ಆಗಿದ್ದವರು, ಬೆನ್ನು ಮೂಳೆಗೆ ಪೆಟ್ಟಾಗಿ ಜಿಮ್ನಾಸ್ಟಿಕ್ಸ್ ಬಿಡಬೇಕಾಗಿ ಬಂದು ಶೂಟಿಂಗಿಗೆ ಬಂದವರು. ಕುವೈತಿನ ಅಬ್ದುಲ್ಲಾ ಅಲ್ ರಶೀದಿ 57ನೇ ವಯಸ್ಸಲ್ಲಿ ಟೋಕಿಯೋದಲ್ಲಿ ಸ್ಕೀಟ್ ಕಂಚು ಗೆದ್ರು. 1992ರ ಬಾರ್ಸಿಲೋನಾದಲ್ಲಿ ಚೀನಾದ ಜಾಂಗ್ ಶಾನ್ ಗಂಡಸರ ಜೊತೇಲೇ ನಿಂತು ಸ್ಕೀಟ್ ಚಿನ್ನ ಗೆದ್ರು. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಬೆಳ್ಳಿ ತಂದವರು ರಾಜ್ಯವರ್ಧನ್ ಸಿಂಗ್ ರಾಥೋಡ್, 2004ರ ಅಥೆನ್ಸಲ್ಲಿ, ಒಟ್ಟಿಗೆ ಎರಡು ತಟ್ಟೆ ಹಾರೋ ಡಬಲ್ ಟ್ರ್ಯಾಪಲ್ಲಿ. ಪ್ಯಾರಿಸಲ್ಲಿ ಮಹೇಶ್ವರಿ ಚೌಹಾಣ್ ಮತ್ತೆ ಅನಂತ್‌ಜೀತ್ ಸಿಂಗ್ ನರೂಕಾ ಸ್ಕೀಟ್ ಮಿಕ್ಸೆಡ್ ಟೀಮಲ್ಲಿ ಕಂಚಿನ ಮ್ಯಾಚನ್ನ ಚೀನಾ ಎದುರು 44-43ಕ್ಕೆ ಸೋತ್ರು, ಒಂದೇ ಒಂದು ತಟ್ಟೆ ವ್ಯತ್ಯಾಸ. ಆ ಒಂದು ತಟ್ಟೆ ಒಡೆಯೋಕೆ ಎಷ್ಟು ಸಾವಿರ ತಟ್ಟೆ ಒಡೀಬೇಕು, ಅದನ್ನ ಒಡೆಯೋಕೆ ಜಾಗ ಎಲ್ಲಿ ಅಂತ ಕೇಳೋದು ತಪ್ಪಾ?

ಪದಕದ ಮಾತು ಬಿಡಿ, ಎಲ್ಲರೂ ಒಲಿಂಪಿಕ್ಸಿಗೆ ಹೋಗಲ್ಲ. ನಮ್ಮ ಗ್ರೌಂಡಿಗೆ ಬರ್ತಿದ್ದವರಲ್ಲಿ ಓಡೋಕಾಗದ ವಯಸ್ಸಾದವರಿದ್ರು, ಬೇರೆ ಯಾವ ಆಟದಲ್ಲೂ ಟೀಮಿಗೆ ಸೇರಿಸಿಕೊಳ್ಳದ ಮೆತ್ತಗಿನ ಹುಡುಗೀರಿದ್ರು, ಶಾಲೇಲಿ ಒಂದು ಕಡೆ ಕೂರೋಕಾಗಲ್ಲ ಅಂತ ಬೈಸಿಕೊಳ್ತಿದ್ದ ಹುಡುಗ ಫೈರಿಂಗ್ ಲೈನಲ್ಲಿ ತನ್ನ ಸರದಿ ಬರೋ ತನಕ ಅಲ್ಲಾಡದೆ ನಿಂತಿರ್ತಿದ್ದ. ತಟ್ಟೆ ತಪ್ಪಿದ್ರೆ ಅಂಪೈರ್ ಮೇಲೆ ಹೇಳೋಕಾಗಲ್ಲ, ಜೊತೆಗಾರರ ಮೇಲೆ ಹೇಳೋಕಾಗಲ್ಲ, ಒಡೀತೋ ಇಲ್ವೋ ಅಷ್ಟೇ, ಮುಂದಿನ ತಟ್ಟೆಗೆ ರೆಡಿ ಆಗ್ಬೇಕು. ಹದಿನಾರು ಹದಿನೇಳು ವಯಸ್ಸಿನವರು ಇದನ್ನ ಕಲಿಯೋದನ್ನ ಹತ್ರದಿಂದ ನೋಡಿದೀನಿ ನಾನು. ಬೀಗ ಹಾಕಿದ ವಾರ ಅವರಲ್ಲಿ ಒಬ್ಬಳು ಫೋನ್ ಮಾಡಿ ಸರ್ ಮುಂದಿನ ಕಾಂಪಿಟಿಷನ್‌ಗೆ ಎಲ್ಲಿ ಪ್ರಾಕ್ಟೀಸ್ ಮಾಡ್ಲಿ ಅಂತ ಕೇಳಿದ್ಲು, ನನ್ನ ಹತ್ರ ಉತ್ತರ ಇರಲಿಲ್ಲ.

ಸಂಬಂಧಪಟ್ಟವರಲ್ಲಿ ನನ್ನ ವಿನಂತಿ, ಇದು ಬಹಳ ದೊಡ್ಡದೇನಲ್ಲ. ಆ ಜಾಗಾನ ಬೇರೆ ಉಪಯೋಗಕ್ಕೆ ಕೊಡೋ ಮುಂಚೆ ಮಣ್ಣು ಮತ್ತೆ ಅಂತರ್ಜಲ ಟೆಸ್ಟ್ ಮಾಡಿಸಿ, ರಿಪೋರ್ಟನ್ನ ಎಲ್ಲರಿಗೂ ಸಿಗೋ ಹಾಗೆ ಪ್ರಕಟಿಸಿ. ಶಬ್ದಾನ ಮನೆಗಳ ಹತ್ರ ಅಳತೆ ಮಾಡಿಸಿ, ಅದೂ ದಿಬ್ಬ ಇಲ್ಲದೆ ಒಂದ್ಸಲ, ತಾತ್ಕಾಲಿಕ ತಡೆಗೋಡೆ ಇಟ್ಟು ಇನ್ನೊಂದ್ಸಲ. ಒಂದು ವರ್ಷದ ಮಟ್ಟಿಗೆ ಕಡಿಮೆ ದಿನ, ಕಡಿಮೆ ಗಂಟೆ, ಸ್ಟೀಲ್ ಚರೆ, ಡಾಂಬರಿಲ್ಲದ ತಟ್ಟೆ ಅನ್ನೋ ಷರತ್ತಿನ ಮೇಲೆ ತೆರೆದು ನೋಡಿ. ಆ ಷರತ್ತನ್ನ ಕ್ಲಬ್ ಮುರಿದ್ರೆ ಅವತ್ತೇ ಮುಚ್ಚಿ, ನಾನೇ ಬಂದು ಬೀಗದ ಕೈ ಕೊಡ್ತೀನಿ. ಷರತ್ತು ನಡೆಸೋ ಸಮಿತೀಲಿ ದೂರು ಕೊಟ್ಟ ಮನೆಗಳಿಂದಾನೇ ಇಬ್ಬರು ಮೂವರು ಇರಲಿ, ಅವರು ಯಾವಾಗ ಬೇಕಾದ್ರೂ ಬಂದು ನೋಡಲಿ. ಏನೇ ಮಾಡಿದ್ರೂ ತೆರೆಯೋಕೆ ಸಾಧ್ಯಾನೇ ಇಲ್ಲ ಅನ್ನೋದಾದ್ರೆ ಸೀಸ ತೆಗೆಸೋ ಖರ್ಚು ಯಾರದ್ದು ಅಂತ ಈಗಲೇ ಬರವಣಿಗೇಲಿ ತೀರ್ಮಾನ ಆಗ್ಲಿ, ಇನ್ನೊಂದು ಜಾಗ ಕೊಡೋ ವಿಷಯಾನೂ ಅದೇ ಕಾಗದದಲ್ಲಿ ಬರ್ಲಿ.

ಕಂದಕದಲ್ಲಿರೋ ಮೆಷಿನ್‌ಗಳನ್ನ ಬಿಚ್ಚಿ ಸಾಗಿಸ್ತಾರೆ ಅಂತ ಮಾತು ಕೇಳಿಬರ್ತಿದೆ. ಈ ಟೆಸ್ಟು, ಈ ಸಭೆ ಆಗೋ ತನಕ ಅದಕ್ಕೆ ಕೈ ಹಚ್ಚಬೇಡಿ ಅಂತ ಕೇಳ್ಕೊಳ್ತೀನಿ. ದೂರು ಕೊಟ್ಟ ಮನೆಯವರು ಈ ಪತ್ರ ಓದಿದ್ರೆ ದಯವಿಟ್ಟು ಪತ್ರಿಕೆಗೆ ಉತ್ತರ ಬರೀರಿ, ನಿಮಗೆ ಯಾವ ದಿನ ಯಾವ ಗಂಟೆ ಶಬ್ದ ಇದ್ರೆ ಸಹಿಸ್ಕೋಬಹುದು, ಯಾವುದು ಸಾಧ್ಯಾನೇ ಇಲ್ಲ ಅಂತ ಹೇಳಿ, ನಾವು ಅಲ್ಲಿಂದಲೇ ಮಾತು ಶುರು ಮಾಡೋಕೆ ತಯಾರಿದೀವಿ.

ಇಂತಿ ನಿಮ್ಮ,
ಒಬ್ಬ ಶೂಟರ್, ನಿಮ್ಮ ಪತ್ರಿಕೆಯ ಓದುಗ